ಗುಡ್ಡದ ಎರಡು ಪಾಲು

ಬೈಲಹೊಂಗಲ
೧೨ ಜೂನ್ ೨೦೨೪

ತಮ್ಮ ಶ್ರೀಶೈಲನಿಗೆ,

ನಿಜಗುಣಪ್ಪನ ಅಕ್ಷರ ಕಂಡ ಕೂಡಲೇ ಲಕೋಟೆಯನ್ನು ಮೂಲೆಗೆ ಎಸೆಯಬೇಡ. ಓದಿ ಆಮೇಲೆ ಎಸೆ. ಹೊಲಮನೆ ಪಾಲಾಗಿ, ವಾಟ್ನಿ ಆಗಿ ನಾವು ಬೇರೆಯಾಗಿ ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷದಲ್ಲಿ ಫೋನಿನಲ್ಲಿ ನಾಲ್ಕು ಸಲ ಮಾತಾಡಿದ್ದೇವೆ, ನಾಲ್ಕೂ ಸಲ ಜಗಳಾಡಿದ್ದೇವೆ. ಅದಕ್ಕೇ ಈ ಪತ್ರ. ಪತ್ರದಲ್ಲಾದರೆ ಒಬ್ಬನು ಮುಗಿಸುವ ತನಕ ಇನ್ನೊಬ್ಬನು ನಡುವೆ ಬಾಯಿ ಹಾಕಲು ಬರುವುದಿಲ್ಲ.

ವಿಷಯ ನಮ್ಮ ಗುಡ್ಡದ್ದು. ನೀನು ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಇಬ್ಬರೂ ಕೂಡಿ ನೀಲಗಿರಿಯ ರೈಲು ಹತ್ತಿ ಬಂದ ಮೇಲೆ ಸಂಗೊಳ್ಳಿ ಮನೆಯ ಕಾಳಿನ ಕೋಣೆಯಲ್ಲಿ ಹನ್ನೊಂದು ವರ್ಷ ಕೂತು ಕಟ್ಟಿದ ಎಂಟು ಫೂಟು ಉದ್ದದ ಮಾದರಿ ಗುಡ್ಡ. ಅದರ ಮೇಲೆ ಹನ್ನೆರಡು ಮಿಲಿಮೀಟರ್ ಅಗಲದ ಹಳಿ. ಹಳಿಗಳ ನಡುವೆ ಹಿತ್ತಾಳೆಯ ಹಲ್ಲುಪಟ್ಟಿ, ಎಂಜಿನ್ನಿನ ಹೊಟ್ಟೆಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರಬೇಕು. ನಿಜದ ರೈಲನ್ನು ಎಂಬತ್ತೇಳು ಪಾಲು ಸಣ್ಣದು ಮಾಡಿದರೆ ಎಷ್ಟೋ ಅಷ್ಟು. ನಿಜದ್ದಕ್ಕೆ ಹಲ್ಲುಪಟ್ಟಿ ಎರಡಿವೆ. ನಮಗೆ ಒಂದನ್ನು ತೀಡುವುದರಲ್ಲೇ ಜೀವ ಹೋಯಿತು, ಒಂದಕ್ಕೇ ಬಿಟ್ಟೆವು.

ವಾಟ್ನಿಯ ದಿನ ಹೊಲ ಆಯಿತು, ಬಾವಿ ಆಯಿತು, ಹಂಡೆ ಕೊಪ್ಪರಿಗೆ ಆಯಿತು. ಕೊನೆಗೆ ಪಂಚರಲ್ಲಿ ಹಿರಿಯರಾದ ಅಂದಾನೆಪ್ಪ ಕಾಕಾ ಕೇಳಿದರು, "ಈ ಆಟಗಿ ಸಾಮಾನ ಯಾರಿಗ್ರೆಪಾ?" ನೀನು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ನಾನೂ ಅಷ್ಟೇ. "ಹಂಗಾದ್ರ ಅದನ್ನೂ ಎರಡು ಮಾಡ್ರಿ" ಎಂದು ಬಡಿಗೇರ ಗಂಗಪ್ಪನನ್ನು ಕರೆಸಿದರು. ಅವನು ಗರಗಸ ಆಡಿಸುವಾಗ ಒಂದು ಕಡೆ ನೀನು ಹಿಡಿದೆ, ಇನ್ನೊಂದು ಕಡೆ ನಾನು. ಮೇಲಿನ ಸ್ಟೇಷನ್ ಇದ್ದ ಅರ್ಧವೂ ರೈಲಿನ ಎರಡು ಡಬ್ಬಿಯೂ ನನಗೆ ಬಂದವು. ಕೆಳಗಿನ ಅರ್ಧವೂ ಎಂಜಿನ್ನೂ ನಿನಗೆ.

ಈಗ ನಿನ್ನ ಅರ್ಧ ತೆಗೆದುಕೊಂಡು ಬಾ. ಎರಡನ್ನೂ ಜೋಡಿಸೋಣ. ರೈಲು ಕೆಳಗಿನಿಂದ ಮೇಲಿನ ತನಕ ಏರುವುದನ್ನು ಒಂದು ಸಲ ನೋಡಬೇಕು. ಹನ್ನೊಂದು ವರ್ಷ ಕಟ್ಟಿದೆವು, ಪೂರಾ ಏರಿದ್ದನ್ನು ಒಮ್ಮೆಯೂ ನೋಡಲಿಲ್ಲ. ಕೊನೆಯ ಮೊಳದ ಪಟ್ಟಿ ಹಾಕಿದ ವಾರವೇ ಪಂಚರು ಬಂದು ಕೂತರು. ನೋಡಿ ಆದ ಮೇಲೆ ಇಡೀ ಗುಡ್ಡ ನೀನೇ ಒಯ್ಯಿ, ನನಗೆ ಜಾಗವೂ ಇಲ್ಲ, ಆಸೆಯೂ ಇಲ್ಲ. ಈಗ ಯಾಕೆ ಎಂದು ಕೇಳಬೇಡ. ಸಾಕಾಗಿದೆ.

ನಿನ್ನ ಅಣ್ಣ,
ನಿಜಗುಣಪ್ಪ


ರಾಮದುರ್ಗ
೩ ಜುಲೈ ೨೦೨೪

ಅಣ್ಣನಿಗೆ ಶ್ರೀಶೈಲನ ನಮಸ್ಕಾರಗಳು.

ಪತ್ರ ಮುಟ್ಟಿ ಬಹಳ ದಿನವಾಯಿತು. ಇಲ್ಲಿ ಪವರ್‌ಲೂಮ್ ರಿಪೇರಿಯ ಕೆಲಸ ತಲೆಯ ಮೇಲೆ ಕೂತಿದೆ. ಒಂದು ಮಗ್ಗ ಎಬ್ಬಿಸಿದರೆ ಇನ್ನೊಂದು ಮಲಗುತ್ತದೆ. ಸಂಜೆಗೆ ಮನೆಗೆ ಬಂದರೆ ಕಿವಿಯಲ್ಲಿ ಖಟಾಖಟ್ ನಿಲ್ಲುವುದಿಲ್ಲ, ಪೆನ್ನು ಹಿಡಿಯುವ ಮನಸ್ಸು ಎಲ್ಲಿಂದ ಬರಬೇಕು?

ಈಗ ಯಾಕೆ ಎಂದು ಕೇಳಬೇಡ ಎಂದಿದ್ದೀರಿ. ಕೇಳುತ್ತೇನೆ. ಒಂಬತ್ತು ವರ್ಷ ಇಲ್ಲದ ಗುಡ್ಡ ಈಗ ಯಾಕೆ ನೆನಪಾಯಿತು? ನೀವು ಯಾರಿಗೋ ತೋರಿಸುತ್ತೇನೆಂದು ಮಾತು ಕೊಟ್ಟಿರಬೇಕು. ನಿಮ್ಮ ಐಟಿಐ ಶಿಷ್ಯರು ಬಂದು ಸರ್ ಸರ್ ಎಂದು ಸುತ್ತ ನಿಲ್ಲುತ್ತಾರೆ, ನಾನು ಮೂಲೆಯಲ್ಲಿ ವಾಯರ್ ಹಿಡಿದು ಕೂಡಬೇಕು, ಹೌದಲ್ಲ? ಅಥವಾ ಎಂಜಿನ್ ಮೇಲೆ ಕಣ್ಣಿದೆಯೋ ಏನೋ. ಟೇಪ್ ರಿಕಾರ್ಡರಿನ ಮೋಟರ್ ಕಿತ್ತು, ಟೇಬಲ್ ಗಡಿಯಾರದ ಚಕ್ರ ಹಾಕಿ ಅದನ್ನು ಓಡುವ ಹಾಗೆ ಮಾಡಿದವನು ನಾನು. ಅದನ್ನು ನೀವು ಒಂದು ದಿನವಾದರೂ ಬಾಯಿಬಿಟ್ಟು ಹೇಳಿದ್ದು ನನಗೆ ನೆನಪಿಲ್ಲ.

ನನ್ನ ಅರ್ಧ ಗುಡ್ಡ ಚೆನ್ನಾಗಿದೆ. ಮಾಳಿಗೆಯ ಮೇಲೆ ಚಾದರ ಹೊದಿಸಿ ಇಟ್ಟಿದ್ದೇನೆ. ಸದ್ಯಕ್ಕೆ ತರಲು ಆಗುವುದಿಲ್ಲ. ನೋಡೋಣ.

ಶ್ರೀಶೈಲ


ಬೈಲಹೊಂಗಲ
೧೫ ಜುಲೈ ೨೦೨೪

ಶ್ರೀಶೈಲ,

ನಿನ್ನ ಎಂಜಿನ್ ನಿನಗೇ ಇರಲಿ ಮಾರಾಯಾ. ಯಾವ ಶಿಷ್ಯನೂ ಬರುವುದಿಲ್ಲ. ರಿಟೈರ್ ಆದ ಇನ್‌ಸ್ಟ್ರಕ್ಟರನ ಮನೆಗೆ ಯಾರೂ ಬರುವುದಿಲ್ಲ, ಬಂದರೆ ಯಾವುದೋ ಅರ್ಜಿಗೆ ಸಹಿ ಬೇಕಾದವರು ಬರುತ್ತಾರೆ. ನಾನು ನಿನ್ನನ್ನು ಹೊಗಳಲಿಲ್ಲ, ನಿಜ. ಇಪ್ಪತ್ತೊಂಬತ್ತು ವರ್ಷ ಫಿಟ್ಟರ್ ಕ್ಲಾಸಿನಲ್ಲಿ ಹುಡುಗರ ಕೆಲಸದಲ್ಲಿ ತಪ್ಪು ಹುಡುಕಿ ಹುಡುಕಿ ಬಾಯಿಗೆ ಬೇರೆ ಮಾತೇ ಬರದಂತಾಗಿತ್ತು.

ಗುಡ್ಡ ಇಟ್ಟ ಕೋಣೆಗೆ ಗೆದ್ದಲು ಹತ್ತುವ ಲಕ್ಷಣ ಕಾಣುತ್ತಿದೆ. ಅದಕ್ಕೆ ಅವಸರ, ಬೇರೆ ಏನೂ ಇಲ್ಲ. ಆಗುವುದಿಲ್ಲ ಎನ್ನುವುದಾದರೆ ಆಗುವುದಿಲ್ಲ ಎಂದು ಬರೆ. "ನೋಡೋಣ" ಎಂದು ಬರೆಯಬೇಡ. ಅಪ್ಪನ ಹತ್ತಿರ ಬಿತ್ತುವ ಬೀಜ ಕೇಳಲು ಬಂದವರಿಗೆಲ್ಲ ಅವನು ಕೊಡುತ್ತಿದ್ದ ಉತ್ತರ ಅದು, ಬಂದವರಿಗೆಲ್ಲ ಅದರ ಅರ್ಥ ಗೊತ್ತಿರುತ್ತಿತ್ತು.

ನಿಜಗುಣಪ್ಪ

(ಅದೇ ಲಕೋಟೆಯಲ್ಲಿ ನಿಜಗುಣಪ್ಪನ ಹೆಂಡತಿಯ ಒಂದು ಚೀಟಿ)

ಶ್ರೀಶೈಲಪ್ಪನವರಿಗೆ ನಿಮ್ಮ ವೈನಿ ಸಿದ್ದಲಿಂಗವ್ವ ಬರದದ್ದು. ಲಕೋಟಿ ಅಂಟಸೂ ಕೆಲಸ ನಂದ ಐತಿ, ಅದಕ್ಕ ಈ ಚೀಟಿ ಒಳಗ ಹಾಕೇನಿ. ಅವರಿಗೆ ಗೊತ್ತಿಲ್ರಿ. ಗೆದ್ದಲಾ ಇಲ್ಲ, ಏನೂ ಇಲ್ಲ. ನಿಮ್ಮ ಅಣ್ಣಗ ಎಡಗಣ್ಣು ಪೂರಾ ಹೋಗೇತ್ರಿ. ಬಲಗಣ್ಣಿನ ನರಾನೂ ಒಣಗಾಕ ಹತ್ತೇತಿ ಅಂತ ಬೆಳಗಾವಿ ಡಾಕ್ಟರ್ ಹೇಳ್ಯಾರ. ಔಷಧ ಹಾಕಿದ್ರ ಸಾವಕಾಶ ಹೋಗತೈತಿ, ಹಾಕಲಿಲ್ಲಂದ್ರ ಲಗೂನ ಹೋಗತೈತಿ, ಹೋಗೂದಂತೂ ಹೋಗತೈತಿ ಅಂದ್ರು. ಆ ಕಣ್ಣು ಈ ವರ್ಷ ದಾಟೂದು ಕಠಿಣ ಐತಿ. ಕಣ್ಣು ಇರೂದರಾಗ ಆ ರೈಲು ಏರೂದು ಒಮ್ಮಿ ನೋಡಬೇಕು ಅನ್ನೂದೊಂದ ಹಿಡದಾರ. "ಶ್ರೀಶೈಲಗ ಹೇಳಬ್ಯಾಡ, ಹೇಳಿದ್ರ ಅಂವ ಪಾಪ ಅಂತ ಬರತಾನ, ಹಂಗ ಬರೂದು ಬ್ಯಾಡ" ಅಂತ ನನಗ ಆಣಿ ಹಾಕ್ಯಾರ. ನಾ ಹೇಳಿಲ್ರಿ, ಬರದೇನಿ ಅಷ್ಟ. ಸಿಟ್ಟು ಬಿಟ್ಟು ಲಗೂ ಬರ್ರಿ.


ರಾಮದುರ್ಗ
೨೨ ಜುಲೈ ೨೦೨೪

ವೈನಿಯವರಿಗೆ ನಮಸ್ಕಾರಗಳು.

ಈ ಪತ್ರ ನಿಮ್ಮ ಹೆಸರಿಗೆ ಹಾಕಿದ್ದೇನೆ. ಟಪಾಲಿನವರು ಬರುವ ಹೊತ್ತಿಗೆ ಬಾಗಿಲಲ್ಲಿ ನೀವೇ ಇರುತ್ತೀರೆಂದು ನಂಬಿದ್ದೇನೆ. ಓದಿ ಒಲೆಗೆ ಹಾಕಿರಿ.

ನಿಮ್ಮ ಚೀಟಿ ಓದಿ ಎರಡು ದಿನ ಮಗ್ಗಕ್ಕೆ ಕೈ ಹಚ್ಚಲಿಲ್ಲ. ಅಣ್ಣನ ಕಣ್ಣು ಎಂದರೆ ನನಗೆ ನಂಬಿಕೆ ಬರುತ್ತಿಲ್ಲ. ನಿಂತಲ್ಲೇ ನಿಂತು, ಹಳಿ ಕೂದಲಿನಷ್ಟು ಸೊಟ್ಟಗಿದ್ದರೂ "ಕಿತ್ತು ಮತ್ತ ಹಾಕು" ಎನ್ನುತ್ತಿದ್ದ ಕಣ್ಣು ಅವು. ಎಷ್ಟು ಸಲ ಕಿತ್ತು ಹಾಕಿದ್ದೇನೆಂದು ದೇವರಿಗೇ ಗೊತ್ತು.

ವೈನಿ, ನನ್ನ ಹತ್ತಿರ ಗುಡ್ಡ ಇಲ್ಲ. ಚಾದರ ಹೊದಿಸಿ ಇಟ್ಟಿದ್ದೇನೆ ಎಂದು ಬರೆದದ್ದು ಸುಳ್ಳು. ವಾಟ್ನಿ ಆದ ಮರುವರ್ಷದ ಹೋಳಿಯ ದಿನ ಮಧ್ಯಾಹ್ನ ಬಾವಿಯ ನೀರಿನ ಪಾಳಿಯ ಸಲುವಾಗಿ ಅಣ್ಣನ ಫೋನ್ ಬಂದಿತ್ತು. ಅವನು ಏನೋ ಅಂದ, ನಾನು ಏನೋ ಅಂದೆ. ಫೋನ್ ಇಟ್ಟ ಹೊತ್ತಿಗೆ ಸರಿಯಾಗಿ ಓಣಿಯವರು ಹಲಗೆ ಬಾರಿಸುತ್ತ ಕಾಮಣ್ಣನಿಗೆ ಕಟ್ಟಿಗೆ ಕೇಳಿಕೊಂಡು ಬಂದರು. ನಿಮ್ಮ ಓರಗಿತ್ತಿ ಮಂಜುಳಾ ಎರಡು ಸೆಗಣಿ ಕುಳ್ಳು ತರಲು ಹಿತ್ತಲಿಗೆ ಹೋದಳು. ನಾನು ಒಳಗೆ ಹೋಗಿ ಗುಡ್ಡವನ್ನೇ ಹೊತ್ತು ತಂದು ಕೊಟ್ಟೆ. "ಅಣ್ಣಾರ, ಇದನ್ನ ಖರೇನ ಹಾಕೂದೇನ್ರಿ?" ಎಂದು ಅವರೇ ಎರಡು ಸಲ ಕೇಳಿದರು. "ಹಾಕ್ರಿ" ಎಂದೆ. ನಿಂತು ನೋಡಿದೆ ಕೂಡ. ನಾವು ಸೆಣಬಿನ ಚೀಲ ಅಂಟಿಸಿ ಮಾಡಿದ ಹುಲ್ಲು ಮೊದಲು ಹೊತ್ತಿತು. ಆಮೇಲೆ ಮನೆಗೆ ಬಂದು ಹೊಯ್ಕೊಂಡು ಅತ್ತೆ. ಅತ್ತು ಏನು ಮಾಡುವುದು?

ಎಂಜಿನ್ ಮಾತ್ರ ಉಳಿದಿದೆ, ಬೇರೆ ಪೆಟ್ಟಿಗೆಯಲ್ಲಿತ್ತು.

ಅಣ್ಣನಿಗೆ ಇದನ್ನು ಹೇಳಬೇಡಿರಿ. ಇದ್ದುದರಲ್ಲಿ ಅವನಿಗೆ ಆಸೆ ಎಂದು ಉಳಿದದ್ದು ಅದೊಂದು. ನಾನು ಮತ್ತೆ ಕಟ್ಟುತ್ತೇನೆ. ಹನ್ನೊಂದು ವರ್ಷದಲ್ಲಿ ಆದದ್ದನ್ನು ಮೂರು ತಿಂಗಳಲ್ಲಿ ಮಾಡಬೇಕು, ಅದೂ ಅರ್ಧ. ಅಷ್ಟು ದಿನ ಆ ಕಣ್ಣಿಗೆ ಔಷಧ ತಪ್ಪದಂತೆ ಹಾಕಿಸಿರಿ.

ನಿಮ್ಮ ಮೈದುನ,
ಶ್ರೀಶೈಲ


ರಾಮದುರ್ಗ
೨ ಆಗಸ್ಟ್ ೨೦೨೪

ಅಣ್ಣನಿಗೆ ನಮಸ್ಕಾರಗಳು.

ವಿಚಾರ ಮಾಡಿದೆ. ತರುತ್ತೇನೆ. ದೀಪಾವಳಿ ಮುಗಿದ ಮೇಲೆ ತರುತ್ತೇನೆ.

ಆದರೆ ಜೋಡಿಸುವ ಮೊದಲು ಅಳತೆ ತಾಳೆ ನೋಡಬೇಕು, ಕಟ್ಟಿಗೆ ಮಳೆಗಾಲದಲ್ಲಿ ಉಬ್ಬಿರುತ್ತದೆ. ಕೊಯ್ದ ಅಂಚಿನಲ್ಲಿ ಗುಡ್ಡದ ಎತ್ತರ ಎಷ್ಟಿದೆ? ಮುಂದಿನ ಬದಿಯಿಂದ ಹಳಿಯ ನಡುಗೆರೆಗೆ ಎಷ್ಟು? ಹಲ್ಲಿನಿಂದ ಹಲ್ಲಿಗೆ ನಾವು ಎರಡು ಮಿಲಿಮೀಟರ್ ಇಟ್ಟಿದ್ದೆವೋ ಒಂದೂವರೆಯೋ? ಪಟ್ಟಿ ಹಳಿಗಿಂತ ಎಷ್ಟು ಮೇಲಿದೆ? ಹಳಿಯ ಕೆಳಗಿನ ಅಡ್ಡಪಟ್ಟಿಗೆ ಬಿದಿರಿನ ಸೀಳು ಹಾಕಿದ್ದೆವೋ ಜೋಳದ ದಂಟೋ? ಎಲ್ಲಾ ಬರೆದು ಕಳಿಸಿರಿ. ನನ್ನದರ ಜೊತೆ ಹೋಲಿಸುತ್ತೇನೆ.

ಶ್ರೀಶೈಲ


ಬೈಲಹೊಂಗಲ
೧೯ ಆಗಸ್ಟ್ ೨೦೨೪

ಶ್ರೀಶೈಲ,

ತರುತ್ತೇನೆ ಎಂದು ಬರೆದದ್ದು ಓದಿ ಸಂತೋಷವಾಯಿತು. ಉಳಿದದ್ದನ್ನು ಓದಿ ಸಿಟ್ಟು ಬಂತು. ನಿನ್ನ ಅರ್ಧದಲ್ಲಿ ಅಳೆದರೆ ಹಲ್ಲಿನ ಅಳತೆ ಸಿಗುವುದಿಲ್ಲವೇ? ಬಿದಿರೋ ದಂಟೋ ಎಂದು ನಿನ್ನ ಉಗುರಿಗೆ ಗೊತ್ತಾಗುವುದಿಲ್ಲವೇ? ಇದು ಅಳತೆ ಕೇಳುವುದಲ್ಲ, ನನಗೆ ಪರೀಕ್ಷೆ ಇಡುವುದು. ಅಣ್ಣ ತನ್ನ ಪಾಲಿನ ಗುಡ್ಡವನ್ನು ತಿದ್ದಿ ಏನಾದರೂ ಹೆಚ್ಚು ಮಾಡಿಕೊಂಡಿದ್ದಾನೋ ಎಂದು ಸಂಶಯ. ಹೊಲದ ಬದುವಿನ ಸಂಶಯ ಗುಡ್ಡಕ್ಕೂ ಬಂತು. ಇರಲಿ.

ಅಂಚಿನಲ್ಲಿ ಎತ್ತರ ನಾಲ್ಕು ಇಂಚು. ಹನ್ನೆರಡಕ್ಕೆ ಒಂದರ ಏರು, ನಾಲ್ಕು ಫೂಟಿಗೆ ಅಷ್ಟೇ ಆಗಬೇಕು, ಲೆಕ್ಕ ನಿನಗೂ ಬರುತ್ತದೆ. ಮುಂದಿನ ಬದಿಯಿಂದ ಹಳಿಯ ನಡುಗೆರೆಗೆ ಹನ್ನೊಂದು ಇಂಚು. ಹಲ್ಲಿನಿಂದ ಹಲ್ಲಿಗೆ ಎರಡು ಮಿಲಿಮೀಟರ್. ಪಟ್ಟಿ ಹಳಿಗಿಂತ ಅರ್ಧ ಮಿಲಿಮೀಟರ್ ಮೇಲೆ. ಬಿದಿರಿನ ಸೀಳು, ಜೋಳದ ದಂಟಲ್ಲ. ದಂಟು ಹಾಕೋಣ ಎಂದವನು ನೀನು, ಇಲಿ ತಿನ್ನುತ್ತದೆ ಎಂದವನು ನಾನು. ಅಂದು ನೀನು ಊಟ ಬಿಟ್ಟು ಹೋಗಿದ್ದೆ, ಅದಾದರೂ ನೆನಪಿರಬೇಕು. ಅಳತೆಯನ್ನು ನಿನ್ನ ವೈನಿಯ ಕೈಯಲ್ಲಿ ಓದಿಸಿ ಬರೆದಿದ್ದೇನೆ. ಸ್ಕೇಲಿನ ಗೆರೆಗಳು ಅಳಿಸಿ ಹೋಗಿವೆ.

ನೀನೂ ಒಂದು ಕೆಲಸ ಮಾಡು. ನಿನ್ನ ಅಂಚಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದು ಕಳಿಸು. ಪೆನ್ಸಿಲ್ ದಪ್ಪಗೆ ತಿಕ್ಕು. ಗರಗಸ ಎಲ್ಲಿ ಎಷ್ಟು ತಿಂದಿದೆ ಎಂದು ನೋಡಬೇಕು.

ನಿಜಗುಣಪ್ಪ


ರಾಮದುರ್ಗ
೨೦ ಸೆಪ್ಟೆಂಬರ್ ೨೦೨೪

ಅಣ್ಣಾ,

ತಡವಾಯಿತು. ಸಂಶಯ ಗಿಂಶಯ ಏನೂ ಇಲ್ಲ, ಹಾಗೆ ತಿಳಿಯಬೇಡಿರಿ. ಒಂಬತ್ತು ವರ್ಷದ ಧೂಳು, ಕಿಲುಬು. ಹಲ್ಲುಪಟ್ಟಿಯ ಸಂದು ಸಂದಿನಲ್ಲಿ ತೀಡುವ ಸಣ್ಣ ಕಾನಸು ಆಡಿಸಿ ಸ್ವಚ್ಛ ಮಾಡಬೇಕಾಗಿದೆ. ನನ್ನ ಕಡೆ ಆರುನೂರಾ ಹತ್ತು ಹಲ್ಲುಗಳಿವೆ. ಮಗ್ಗದ ಕೆಲಸ ಮುಗಿಸಿ ಬಂದು ಕೂತರೆ ದಿನಕ್ಕೆ ಹತ್ತು ಹನ್ನೆರಡು ಆಗುತ್ತವೆ. ಹದಿಮೂರನೆಯದಕ್ಕೆ ಕೈ ಮಾತು ಕೇಳುವುದಿಲ್ಲ. ಒಂದು ಹಲ್ಲು ಕೆಟ್ಟರೆ ಮೊಳದುದ್ದದ ಪಟ್ಟಿಯೇ ಹಾಳು, ಮತ್ತೆ ಮೊದಲಿನಿಂದ. ಮಂಜುಳಾ ಬಂದು ನಿಂತು ನೋಡುತ್ತಾಳೆ. "ಹಲ್ಲಿನ ಡಾಕ್ಟರ್ ಆಗಾಕ ಹೊಂಟೀರೇನ್ರಿ?" ಎನ್ನುತ್ತಾಳೆ. ನಗುವುದಕ್ಕೂ ಬೇಸರ, ಅಷ್ಟು ದಣಿದಿರುತ್ತೇನೆ.

ಇದನ್ನೆಲ್ಲ ಆಗ ನೀವು ಮಾಡುತ್ತಿದ್ದಿರಿ. ನಾನು ಮೋಟರ್, ವಾಯರ್ ಎಂದು ಓಡಾಡಿಕೊಂಡಿದ್ದೆ. ನೀವು ಗೋಡೆಗೆ ಬೆನ್ನು ಕೊಟ್ಟು ಕೂತು ಒಂದೊಂದೇ ಹಲ್ಲು ತೀಡುತ್ತಿದ್ದಿರಿ. ಮೇಲಿನದು ಕೆಳಗಿನದು ಕೂಡಿ ಸಾವಿರದ ಇನ್ನೂರಕ್ಕೂ ಮಿಕ್ಕಿ ಹಲ್ಲು. ಅದು ಎಂಥ ಕೆಲಸವೆಂದು ಈಗ ಗೊತ್ತಾಯಿತು. ಅಂದರೆ, ಸ್ವಚ್ಛ ಮಾಡುವಾಗ ಗೊತ್ತಾಯಿತು.

ಅಚ್ಚು ಇದರ ಜೊತೆ ಇದೆ. ಪೆನ್ಸಿಲ್ ದಪ್ಪಗೆ ತಿಕ್ಕಿದ್ದೇನೆ. ತಬ್ಯೇತ ಹೇಗಿದೆ? ನಾನು ಸುಮ್ಮನೆ ಕೇಳಿದೆ.

ಶ್ರೀಶೈಲ


ಬೈಲಹೊಂಗಲ
೪ ಅಕ್ಟೋಬರ್ ೨೦೨೪

ಶ್ರೀಶೈಲ,

ಅಚ್ಚು ಬಂದಿತು. ಬಿಸಿಲಿಗೆ ಹಿಡಿದು ನೋಡಿದೆ. ಚೆಂದ ಇದೆ. ಅಷ್ಟು ಚೆಂದ ಇರಬಾರದಿತ್ತು.

ತಬ್ಯೇತಕ್ಕೆ ಏನೂ ಆಗಿಲ್ಲ. ಅಕ್ಷರ ದೊಡ್ಡದಾಗಿದೆ ಎಂದು ತಿಳಿಯಬೇಡ, ಪೆನ್ನು ದಪ್ಪದ್ದು.

ಅವಸರ ಮಾಡಬೇಡ. ಕಣ್ಣು ಕೆಡಿಸಿಕೊಳ್ಳಬೇಡ. ಆದಾಗ ತಾ.

ಅಣ್ಣ


ರಾಮದುರ್ಗ
೯ ಅಕ್ಟೋಬರ್ ೨೦೨೪

ವೈನಿಯವರಿಗೆ,

ಅಣ್ಣ "ಅಷ್ಟು ಚೆಂದ ಇರಬಾರದಿತ್ತು" ಎಂದು ಬರೆದಿದ್ದಾನೆ. ಆ ಮಾತು ತಲೆಯಲ್ಲಿ ಹೊಕ್ಕು ಕೂತಿದೆ. ಕೆಲಸಕ್ಕೆ ಹೆಸರಿಡುತ್ತಿದ್ದಾನೋ, ಬೇರೆ ಏನಾದರೂ ಇದೆಯೋ? ನೀವು ಅವನು ಹೊರಗೆ ಹೋದಾಗ ಅವನ ಅರ್ಧದ ಕೊಯ್ದ ಅಂಚು ನೋಡಿರಿ. ಹಲ್ಲುಪಟ್ಟಿಯ ಕೊನೆಯ ಹಲ್ಲು ಹೇಗಿದೆ ಬರೆಯಿರಿ. ಪೂರಾ ಇದೆಯೋ, ಮುರಿದಿದೆಯೋ? ನನ್ನದು ಪೂರಾ ಹಲ್ಲಿನಿಂದ ಶುರುವಾಗುತ್ತದೆ. ಗರಗಸ ಹಲ್ಲಿನ ನಡುವೆಯೂ ಬಿದ್ದಿರಬಹುದು ಎಂಬ ವಿಚಾರ ನನಗೆ ಹೊಳೆದೇ ಇರಲಿಲ್ಲ.

ಶ್ರೀಶೈಲ


ಬೈಲಹೊಂಗಲ
೧೬ ಅಕ್ಟೋಬರ್ ೨೦೨೪

ಶ್ರೀಶೈಲಪ್ಪನವರಿಗೆ,

ನೀವು ಹೇಳಿದಂಗ ಇವರು ಕಟಿಂಗ್ ಮಾಡಿಸ್ಕೊಳ್ಳಾಕ ಹೋದಾಗ ನೋಡಿದೆ. ತುದಿಗೆ ಅರ್ಧ ಹಲ್ಲ ಐತ್ರಿ. ಪೂರಾ ಇಲ್ಲ. ಕೊಯ್ಯೂ ಮುಂದ ಹಲ್ಲಿನ ನಡುವ ಗರಗಸ ಬಿದ್ದಂಗ ಕಾಣತೈತಿ. ಅಂಚಿನ ಸುಣ್ಣಾನೂ ಚಕ್ಕಳ ಚಕ್ಕಳ ಎದ್ದೈತಿ.

ಇವರು ದಿನಾ ಮುಂಜಾನೆ ಬಿಸಿಲ ಬಂದ ಕೂಡ್ಲೆ ಕ್ವಾಣ್ಯಾಗ ಹೋಗಿ ಕುಂಡ್ರತಾರ. ಕೈಯಿಂದ ಗುಡ್ಡಾ ಸವರತಾರ. "ಏನ ಮಾಡಾಕ ಹತ್ತೀರಿ?" ಅಂದ್ರ "ಧೂಳ ನೋಡಾಕ ಹತ್ತೇನಿ" ಅಂತಾರ. ಮೊನ್ನೆ ಚಹಾದ ಕಪ್ಪು ಅಂತ ಹೇಳಿ ಬಾಜೂಕಿನ ಎಣ್ಣಿ ಬಾಟ್ಲಿಗೆ ಕೈ ಹಾಕಿದ್ರು. ಲಗೂ ಬರ್ರಿ, ಇನ್ನ ಮುಂದ ಹಾಕಬ್ಯಾಡ್ರಿ.

ಸಿದ್ದಲಿಂಗವ್ವ


ರಾಮದುರ್ಗ
೨೭ ಅಕ್ಟೋಬರ್ ೨೦೨೪

ಅಣ್ಣಾ,

ಎಲ್ಲ ತಯಾರಾಯಿತು. ಅಂಚಿನಲ್ಲಿ ಒಂದು ಸಣ್ಣ ಕೆಲಸ ಉಳಿದಿತ್ತು, ಅದನ್ನೂ ಸರಿ ಮಾಡಿದ್ದೇನೆ. ನವೆಂಬರ್ ಹತ್ತು, ರವಿವಾರ ಬರುತ್ತೇನೆ. ಟೆಂಪೋ ಹೇಳಿದ್ದೇನೆ, ಸವದತ್ತಿಯ ಮೇಲೆ ಬರುತ್ತದೆ. ಹಾಸಿಗೆಯ ಮೇಲೆ ಗುಡ್ಡ ಮಲಗಿಸಿಕೊಂಡು ಪಕ್ಕದಲ್ಲಿ ಕೂತು ಬರುತ್ತೇನೆ, ರಸ್ತೆಯ ತೆಗ್ಗುಗಳ ಮೇಲೆ ನನಗೆ ನಂಬಿಕೆ ಇಲ್ಲ.

ನೀವು ಎರಡು ಟೇಬಲ್ ಒಂದೇ ಎತ್ತರಕ್ಕೆ ಇಡಿಸಿರಿ. ಸಾಕು.

ಶ್ರೀಶೈಲ


ಬೈಲಹೊಂಗಲ
೪ ನವೆಂಬರ್ ೨೦೨೪

ಬಾ.

ಬೆಳಕು ಇರುವಾಗ ಬಾ.


ರಾಮದುರ್ಗ
೧೪ ನವೆಂಬರ್ ೨೦೨೪

ಅಣ್ಣಾ,

ರವಿವಾರ ಸಂಜೆ ನಿನ್ನ ಮನೆಯಿಂದ ಹೊರಟವನು ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ. ಟೆಂಪೋದವನು "ಏನ್ರಿ ಮಾವಾರ, ಸಾಮಾನ ಬಿಟ್ಟ ಬಂದ್ರಿ, ಮನಸ್ಸೂ ಅಲ್ಲೇ ಬಿಟ್ರೇನ?" ಎಂದ. ನಾಲ್ಕು ದಿನದಿಂದ ಈ ಪತ್ರ ಬರೆದು ಹರಿದು ಬರೆದು ಹರಿದು ಮಾಡುತ್ತಿದ್ದೇನೆ. ನಿನ್ನ ಮುಂದೆ ಕೂತಾಗ ಬಾಯಿ ಬರಲಿಲ್ಲ. ನೀನು ಊಟ ಮಾಡು ಎಂದೆ, ನಾನು ಮಾಡಿದೆ. ಇನ್ನೊಂದು ಹೋಳಿಗೆ ಎಂದೆ, ತಿಂದೆ. ಒಂಬತ್ತು ವರ್ಷದ ಮೇಲೆ ಅಣ್ಣನ ಮನೆಯಲ್ಲಿ ಹೋಳಿಗೆ ತಿಂದು, ಬಾಯಿ ಒರೆಸಿಕೊಂಡು, ಮೋಸ ಮಾಡಿ ಬಂದೆ.

ಮೊದಲನೆಯ ಮೋಸ. ನಾನು ತಂದದ್ದು ನಮ್ಮ ಗುಡ್ಡ ಅಲ್ಲ. ನಮ್ಮ ಗುಡ್ಡವನ್ನು ನಾನು ಎಂಟು ವರ್ಷದ ಹಿಂದೆ ಕಾಮಣ್ಣನ ಬೆಂಕಿಗೆ ಕೊಟ್ಟೆ. ಅವತ್ತು ನೀನು ಫೋನಿನಲ್ಲಿ ಬಾವಿಯ ನೀರಿನ ಸಲುವಾಗಿ ಅಂದ ಮಾತಿಗೆ ಸಿಟ್ಟು ಬಂದು ಕೊಟ್ಟೆ. ನೀನು ಏನು ಅಂದೆ ಎನ್ನುವುದು ಈಗ ನೆನಪಿಲ್ಲ. ಬೆಂಕಿ ನೆನಪಿದೆ. ನೀನು ತೀಡಿದ ಹಲ್ಲುಗಳಲ್ಲಿ ಅರ್ಧ ಅದರಲ್ಲಿ ಹೋದವು. ಈಗ ತಂದದ್ದು ಈ ಮೂರು ತಿಂಗಳಲ್ಲಿ ನಿನ್ನಿಂದಲೇ ಅಳತೆ ಕೇಳಿ ಕೇಳಿ ಕಟ್ಟಿದ್ದು. ಅಳತೆ ಕೇಳಿದ್ದು ಪರೀಕ್ಷೆಗಲ್ಲ ಅಣ್ಣಾ, ನನ್ನ ಹತ್ತಿರ ಅಳೆಯಲು ಏನೂ ಇರಲಿಲ್ಲ.

ಎರಡನೆಯ ಮೋಸ ನಿನ್ನ ಕಣ್ಣ ಮುಂದೆಯೇ ಆಯಿತು. ನಿನ್ನ ಅಂಚಿನಲ್ಲಿ ಅರ್ಧ ಹಲ್ಲು ಉಳಿದಿದೆ ಎಂದು ನನಗೆ ಗೊತ್ತಾಗಿತ್ತು, ಹೇಗೆ ಎಂದು ಕೇಳಬೇಡ. ನನ್ನ ಅಂಚಿನಲ್ಲಿ ಪೂರಾ ಹಲ್ಲಿತ್ತು. ನಿನ್ನ ಅರ್ಧಕ್ಕೆ ನನ್ನ ಅರ್ಧ ಕೂಡಿದರೆ ಒಂದಾಗುತ್ತದೆ ಎಂದು ನನ್ನ ಹಲ್ಲನ್ನು ತೀಡಿ ಅರ್ಧ ಮಾಡಿದೆ. ಬಂದು ಜೋಡಿಸಿ ನೋಡಿದರೆ ನಿನ್ನ ಕಡೆ ಅರ್ಧ ಹಲ್ಲೇ ಇಲ್ಲ! ಹೊಸದಾಗಿ ತೀಡಿದ ಹಿತ್ತಾಳೆ ಅಲ್ಲಿ ಫಳಫಳ ಹೊಳೆಯುತ್ತಿತ್ತು. ನಾನು ಮೇಲೆ ನೋಡಿದೆ, ನೀನು ಕಿಟಕಿಯ ಕಡೆ ಮುಖ ಮಾಡಿದ್ದೆ. ನನ್ನ ಪೂರಾ ಹಲ್ಲಿಗೆ ಜಾಗವಾಗಲಿ ಎಂದು ನೀನು ನಿನ್ನ ಅರ್ಧ ತೆಗೆದಿದ್ದೆ. ಆ ಕಣ್ಣಿನಲ್ಲಿ ಹೇಗೆ ತೀಡಿದೆ, ದೇವರೇ ಬಲ್ಲ. ಹೌದು, ಕಣ್ಣಿನ ಸುದ್ದಿಯೂ ನನಗೆ ಗೊತ್ತು, ಜುಲೈನಿಂದ ಗೊತ್ತು. ವೈನಿಗೆ ಬಯ್ಯಬೇಡ.

ಒಂದು ಹಲ್ಲು ಇರಬೇಕಾದಲ್ಲಿ ಅರ್ಧ ಇತ್ತು. ರೈಲು ಬಿಟ್ಟೆ. ಎಂಜಿನ್ ಹಿಂದಿನಿಂದ ದೂಡುತ್ತ ಎರಡೂ ಡಬ್ಬಿಗಳನ್ನು ಜೋಡಣೆ ದಾಟಿಸಿತು. ತಾನು ಆ ಜಾಗಕ್ಕೆ ಬಂದಾಗ ಚಕ್ರಕ್ಕೆ ಕಚ್ಚಲು ಏನೂ ಸಿಗಲಿಲ್ಲ. ಗಿರ್ರ್ ಎಂದು ತಿರುಗಿತು, ಹಿಂದೆ ಜಾರತೊಡಗಿತು. ನಾನು ತೋರುಬೆರಳು ಹಚ್ಚಿ ದೂಡಿದೆ. ಮುಂದಿನ ಹಲ್ಲು ಸಿಕ್ಕಿತು, ಏರಿತು. ಕೈಗೆ ನಂಬಿಕೆ ಬರಲಿಲ್ಲ, ಮೇಲಿನ ಸ್ಟೇಷನ್ ಬರುವ ತನಕ ಬೆರಳು ತೆಗೆಯಲಿಲ್ಲ. ನೀನು "ಏರಿತಲೇ, ಏರಿತು!" ಎಂದು ಚಪ್ಪಾಳೆ ಹೊಡೆದೆ. ವೈನಿ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ನಕ್ಕೆ. ಎಂಥ ನಗು ಅದು!

ನೀನು ನೋಡಬೇಕೆಂದದ್ದು ಒಂದೇ, ರೈಲು ತಾನಾಗಿ ಏರುವುದು. ಅದನ್ನು ನಿನಗೆ ತೋರಿಸಲು ನನ್ನಿಂದ ಆಗಲಿಲ್ಲ. ನೀನು ನೋಡಿದ್ದು ಬೆರಳು ದೂಡಿದ ರೈಲು. ಆ ಒಂದು ಹಲ್ಲನ್ನು ಇಲ್ಲಿ ಮಾಡುತ್ತಿದ್ದೇನೆ, ಇಂದು ನಾಳೆ ಮುಗಿಯುತ್ತದೆ. ಬಂದು ಕೂರಿಸುತ್ತೇನೆ. ಆಗ ನಿಜವಾಗಿ ನೋಡು. ಬಾ ಎನ್ನುವುದಾದರೆ ಬರುತ್ತೇನೆ. ಬರಬೇಡ ಎಂದರೂ ಅದು ನ್ಯಾಯವೇ.

ನಿನ್ನ ತಮ್ಮ,
ಶ್ರೀಶೈಲ


ಬೈಲಹೊಂಗಲ
೨೮ ನವೆಂಬರ್ ೨೦೨೪

ಶ್ರೀಶೈಲಪ್ಪನವರಿಗೆ ಸಿದ್ದಲಿಂಗವ್ವ ಬರಿಯೂದು. ನಿಮ್ಮ ಪತ್ರಾ ನಾನ ಓದಿ ಹೇಳಿದೆ, ಎರಡ ಸಲ ಓದಿಸಿದ್ರು. ಇದು ಇವರು ಹೇಳಿದ್ದು. ಹೇಳಿದಂಗ ಬರಿ, ನಡುವ ನಿಂದ ಸೇರಸಬ್ಯಾಡ ಅಂದಾರ. ಇನ್ನ ಮುಂದಿಂದು ಇವರ ಮಾತು.

ತಮ್ಮಾ,

ಕಾಮಣ್ಣಗ ಹಾಕಿದಿ ಅಂತ ಕೇಳಿ ಹೊಟ್ಟಿ ಉರೀತು. ಸುಳ್ಳ ಯಾಕ ಹೇಳಲಿ? ಆವತ್ತ ಸಂಜೀ ಊಟ ಒಲ್ಲೆ ಅಂದೆ. ನಾ ಹಲ್ಲ ತೀಡೂ ಮುಂದ ನೀ ಹನ್ನೊಂದು ವರ್ಷ ಬಾಜೂ ಕುಂತ ನೋಡೀದಿ, ಅದನ್ನ ಬೆಂಕ್ಯಾಗ ಹಾಕಾಕ ನಿನಗ ಮನಸ್ಸರೆ ಹೆಂಗಾತು? ಆದ್ರ ಆ ಫೋನಿನ್ಯಾಗ ನಾ ಏನ ಅಂದಿದ್ದೆ ಅನ್ನೂದು ನನಗ ಚಲೋ ನೆನಪೈತಿ. ನಿನಗ ಮರತೈತಿ ಅಂದ್ರ ನಿನ್ನ ಪುಣ್ಯಾ. ನಾ ಹೇಳೂದಿಲ್ಲ.

ಅದು ಹಳೇ ಗುಡ್ಡ ಅಲ್ಲ ಅನ್ನೂದು ನಿನ್ನ ಅಚ್ಚು ಬಂದ ದಿವಸನ ತಿಳೀತು. ನಮ್ಮ ಗಂಗಪ್ಪ ತನ್ನ ಜನ್ಮದಾಗ ಅಷ್ಟ ಸ್ವಚ್ಛ ಕೊಯ್ದಾವ ಅಲ್ಲ. ಒಂದ ಹಲ್ಲ ಮುಕ್ಕಿಲ್ಲ, ಒಂದ ಗೆರಿ ಸೊಟ್ಟಿಲ್ಲ. ಹೊಸಾದು ಕಟ್ಟಾಕ ಹತ್ತಾನ ಅಂತ ತಿಳದು ಕಾಗದಾ ಕೈಯಾಗ ಹಿಡಕೊಂಡು ಎಷ್ಟೋ ಹೊತ್ತು ಕುಂತೆ. ಕೇಳಿದ್ರ ನೀ ನಾಚಿ ಬಿಟ್ಟಬಿಡತೀ ಅಂತ ಕೇಳಲಿಲ್ಲ. ನನ್ನ ಅರ್ಧ ಹಲ್ಲ ಹೆಬ್ಬಟ್ಟಿನ್ಯಾಗ ಮುಟ್ಟಿ ಮುಟ್ಟಿ ತೀಡಿದೆ. ನಾಕ ದಿವಸ ಹಿಡೀತು. ನೀನೂ ತೀಡಬೇಕಾ? ಹುಚ್ಚಪ್ಯಾಲಿ. ಮನ್ಯಾಗಿನ ಎಲ್ಲಾ ವಾಟ್ನಿಗೂ ನಾಯಿ ಹಂಗ ಕಚ್ಚ್ಯಾಡಿದವರು ಅರ್ಧ ಹಲ್ಲಿಗೆ ಬಂದು ನೀ ತಗೋ ನೀ ತಗೋ ಅಂದ್ವಿ ನೋಡು.

ನೀ ಕಟ್ಟಿದ್ದು ಚಲೋ ಐತಿ. ಕೈಲೆ ಸವರಿ ನೋಡೇನಿ, ನಂದರಕಿಂತಾ ಹಲ್ಲ ಸಾಪ ಅದಾವ. ಎಂಜಿನ್ನೂ ಚಲೋ ಮಾಡಿದ್ದಿ. ಆಗ ಹೇಳಲಿಲ್ಲ, ಈಗ ಹೇಳೇನಿ.

ಇನ್ನ ಒಂದ ಮಾತು ಐತಿ. ಸಿದ್ದಲಿಂಗವ್ವಾ, ಅಳಬ್ಯಾಡ, ಬರಿ.

ಆ ರವಿವಾರ ನನಗ ರೈಲು ಕಾಣಲಿಲ್ಲಪಾ. ದೀಪಾವಳಿ ಹಿಂದಿನ ವಾರದಿಂದನ ಸಣ್ಣ ಸಾಮಾನ ಯಾವುವೂ ಕಾಣವಲ್ವು. ನೀ ಟೆಂಪೋ ಹೇಳೇನಿ ಅಂತ ಬರದಿದ್ದಿ, ಬರಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ರೈಲು ಬಿಟ್ಟೇನಿ ಅಂದಿ. ಸಪ್ಪಳ ಕೇಳತಿತ್ತು, ಎಲ್ಲೈತಿ ಅನ್ನೂದು ತಿಳೀವಲ್ತು. ಸುಮ್ಮನ ಗುಡ್ಡದ ಕಡೆ ಮಾರಿ ಮಾಡಿ ನಿಂತಿದ್ದೆ. ಆಮ್ಯಾಲ ಗಿರ್ರ್ ಅಂತು, ನಿಂತ್ಹೋತಲಾ ಅನ್ನೂದರಾಗ ನಿನ್ನ ಕೈ ಬಂತು. ನಿನ್ನ ಕೈ ಕಂಡ್ತು ನನಗ. ಆ ಕರಿ ಗುಡ್ಡದ ಮ್ಯಾಲ ಒಂದ ಬೆರಳ ಮ್ಯಾಲ ಮ್ಯಾಲ ಹೊಂಟಿತ್ತು, ಸ್ಟೇಷನ್ ಮಟಾ ಹೋತು. ಅದನ್ನ ನೋಡಿ ಏರಿತು ಅಂದೆ. ನೀ ಮೋಸಾ ಮಾಡಿಲ್ಲ. ನಾ ನೋಡೂದು ನೋಡೇನಿ.

ಹೊಸಾ ಹಲ್ಲ ಮಾಡಾಕ ಹತ್ತೇನಿ ಅಂತ ಬರದಿ. ಮಾಡಿದ್ರ ಅಲ್ಲೇ ಇಟ್ಕೋ, ಇಲ್ಲಿ ತಂದು ಕೂಡಸಬ್ಯಾಡ. ರವಿವಾರಕ್ಕೊಮ್ಮಿ ಬಾ, ರೈಲು ಬಿಡು. ಆ ಹಲ್ಲ ಕೂಡಸಿದಿ ಅಂದ್ರ ನೀ ಬೆರಳ ಹಚ್ಚೂದಿಲ್ಲ. ನೀ ಬೆರಳ ಹಚ್ಚಲಿಲ್ಲ ಅಂದ್ರ ರೈಲು ಎಲ್ಲಿ ಹೊಂಟೈತಿ ಅನ್ನೂದು ನನಗ ಗೊತ್ತಾಗೂದಿಲ್ಲ.